ಹಳೆಯ ಪಿಸಿಯಿಂದ ನ್ಯಾಟ್ ರೂಟರ್: ಬೆಂಗಳೂರಿನ ಮನೆ, ಪಿಜಿ, ಸಣ್ಣ ಕಚೇರಿಗಳಿಗೆ

ಇಂಟರ್ನೆಟ್ ಕಂಪನಿಯವರು ಕೊಡುವ ರೂಟರ್ ನಾಲ್ಕು ಜನರ ಮನೆಗೆ ಸಾಲುತ್ತದೆ. ಇಪ್ಪತ್ತು ಕೋಣೆಯ ಪಿಜಿಗೆ, ಹತ್ತು ಹನ್ನೆರಡು ಮೇಜಿನ ಕಚೇರಿಗೆ, ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತ ಎರಡು ಕಂಪನಿಗಳ ಲೈನ್ ಹಾಕಿಸಿಕೊಂಡ ಮನೆಗೆ ಅದು ಸಾಲುವುದಿಲ್ಲ. ಸಂಜೆ ಎಲ್ಲರೂ ಒಟ್ಟಿಗೆ ಕೂತಾಗ ವಿಡಿಯೊ ಕರೆ ತಡವರಿಸುತ್ತದೆ. ರೂಟರ್ ಆರಿಸಿ ಹಚ್ಚಿದರೆ ಸರಿಹೋಗುತ್ತದೆ, ಮರುದಿನ ಮತ್ತೆ ಅದೇ. ಲೈನ್ ಚೆನ್ನಾಗಿದ್ದೂ ಹೀಗಾಗುತ್ತಿದ್ದರೆ ಕೊರತೆ ಇರುವುದು ಬಹುಮಟ್ಟಿಗೆ ಆ ಡಬ್ಬಿಯ ಪ್ರೊಸೆಸರ್ ಮತ್ತು ಮೆಮೊರಿಯಲ್ಲಿ. ಕಚೇರಿಗಳು ಮಾರಿಬಿಡುವ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಅದನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟರೆ ಆ ಕೊರತೆ ನೀಗುತ್ತದೆ.

ಇಲ್ಲಿನ ಹಂತಗಳೆಲ್ಲ, ಪಿಸಿಯನ್ನು ರೂಟರ್ ಮತ್ತು ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು) ಆಗಿಸುವ ಓಪಿಎನ್‌ಸೆನ್ಸ್ ತಂತ್ರಾಂಶಕ್ಕೆ ಸಂಬಂಧಿಸಿದವು. ಇದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಕಟ್ಟಿದ ಉಚಿತ, ಮುಕ್ತ ತಂತ್ರಾಂಶ; 2015ರಲ್ಲಿ ಪಿಎಫ್‌ಸೆನ್ಸ್ ಎಂಬ ಇದೇ ಬಗೆಯ ತಂತ್ರಾಂಶದಿಂದ ಕವಲೊಡೆಯಿತು. ಡೆಬಿಯನ್ ಲಿನಕ್ಸ್ ಹಾಕಿ ಅದರ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ನಾಲ್ಕು ಸಾಲು ಬರೆದರೂ ನ್ಯಾಟ್ (ಒಂದೇ ಹೊರಗಿನ ವಿಳಾಸವನ್ನು ಒಳಗಿನ ಯಂತ್ರಗಳೆಲ್ಲ ಹಂಚಿಕೊಳ್ಳುವ ವ್ಯವಸ್ಥೆ) ನಡೆಯುತ್ತದೆ, ಕಮಾಂಡುಗಳಲ್ಲಿ ಪಳಗಿದವರಿಗೆ ಅದು ಚೆನ್ನ. ಆದರೆ ನಾಳೆ ನೀವು ಊರಿಗೆ ಹೋದಾಗ ಇನ್ನೊಬ್ಬರು ನೋಡಿಕೊಳ್ಳಬೇಕಾದ ಜಾಗದಲ್ಲಿ, ವೆಬ್ ಪುಟದಿಂದ ನಡೆಯುವ ಮತ್ತು ಇಡೀ ಸೆಟ್ಟಿಂಗ್ ಒಂದೇ ಫೈಲಿನಲ್ಲಿ ಉಳಿಯುವ ವ್ಯವಸ್ಥೆಯೇ ಮೇಲು.

ಒಂದು ಮಾತನ್ನು ಮೊದಲೇ ಹೇಳಬೇಕು. ನ್ಯಾಟ್ ತಾನೇ ಕೆಡುವುದು ತೀರಾ ಅಪರೂಪ. ಕೈಕೊಡುವುದೆಲ್ಲ ಅದರ ಅಕ್ಕಪಕ್ಕದಲ್ಲಿ: ಲೈನಿನ ಬಗೆ, ಒಂದರ ಮೇಲೊಂದು ಬಿದ್ದ ವಿಳಾಸಗಳು, ಕೇಬಲ್, ಗಡಿಯಾರ, ಕರೆಂಟು. ಈ ಲೇಖನದ ಹೆಚ್ಚಿನ ಭಾಗ ಅವುಗಳಿಗೇ ಮೀಸಲು.

ನ್ಯಾಟ್ ಮಾಡುವ ಕೆಲಸ

ಐಪಿ ನಾಲ್ಕನೇ ಆವೃತ್ತಿಯ ವಿಳಾಸ 32 ಬಿಟ್ ಉದ್ದ. ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ. ಮನೆಯೊಳಗೆ ಬಳಸಲೆಂದು 10.0.0.0/8, 172.16.0.0/12, 192.168.0.0/16 ಎಂಬ ಮೂರು ಗುಂಪುಗಳನ್ನು 1996ರಿಂದ ಖಾಸಗಿಯಾಗಿ ಮೀಸಲಿಡಲಾಗಿದೆ. ಇವು ಹೊರಗಿನ ಇಂಟರ್ನೆಟ್ಟಿನಲ್ಲಿ ಓಡಾಡುವುದಿಲ್ಲ. ಹಾಗಾಗಿ 192.168.50.23 ಎಂಬ ಲ್ಯಾಪ್‌ಟಾಪ್ ತನ್ನ 51514ನೇ ಪೋರ್ಟಿನಿಂದ (ಯಂತ್ರದೊಳಗಿನ ಒಂದೊಂದು ಸಂಪರ್ಕವನ್ನೂ ಗುರುತಿಸುವ ಸಂಖ್ಯೆ ಇದು) ಕಳಿಸಿದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ತುಣುಕನ್ನು, ರೂಟರ್ ಹಿಡಿದು, ಕಳಿಸಿದವರ ವಿಳಾಸದ ಜಾಗದಲ್ಲಿ ತನ್ನ ಹೊರಗಿನ ವಿಳಾಸವನ್ನೂ, ಪೋರ್ಟಿನ ಜಾಗದಲ್ಲಿ ತಾನೇ ಆರಿಸಿದ ಇನ್ನೊಂದು ಸಂಖ್ಯೆಯನ್ನೂ (40211 ಎಂದಿಟ್ಟುಕೊಳ್ಳಿ) ಬರೆದು ಹೊರಗೆ ಬಿಡುತ್ತದೆ. ಈ ಬದಲಾವಣೆಯನ್ನು ತನ್ನ ಸ್ಟೇಟ್ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. 40211ಕ್ಕೆ ಉತ್ತರ ಬಂದಾಗ ಕೋಷ್ಟಕ ನೋಡಿ, ಹಳೆಯ ವಿಳಾಸ ಮತ್ತು ಪೋರ್ಟನ್ನು ಮರಳಿ ಬರೆದು ಲ್ಯಾಪ್‌ಟಾಪಿಗೆ ದಾಟಿಸುತ್ತದೆ.

ಕೋಷ್ಟಕದಲ್ಲಿ ಪ್ರತಿ ನಮೂದಿಗೆ ಸುಮಾರು 1 ಕೆಬಿ ಮೆಮೊರಿ ಬೇಕು. ಓಪಿಎನ್‌ಸೆನ್ಸ್ ಒಟ್ಟು ಮೆಮೊರಿಯ ಹತ್ತನೇ ಒಂದು ಭಾಗವನ್ನು ಇದಕ್ಕೆ ಮಿತಿಯಾಗಿಟ್ಟುಕೊಳ್ಳುತ್ತದೆ. 4 ಜಿಬಿ ಇದ್ದರೆ ಸುಮಾರು ನಾಲ್ಕು ಲಕ್ಷ ನಮೂದು. ಒಂದು ಬ್ರೌಸರ್ ಕೆಲವು ಪುಟ ತೆರೆದರೆ ನೂರಾರು ನಮೂದು ಹುಟ್ಟುತ್ತವೆ. ಪುಟ್ಟ ರೂಟರುಗಳು ಪಿಜಿಗಳಲ್ಲಿ ಸೋಲುವುದಕ್ಕೆ ಇದೊಂದು ಮುಖ್ಯ ಕಾರಣ.

ನಿಮ್ಮ ಲೈನ್ ಯಾವ ಬಗೆಯದು?

ಪಿಸಿಗೆ ದುಡ್ಡು ಹಾಕುವ ಮೊದಲು ಇದನ್ನು ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಮನೆಗೆ ಬರುವ ತಂತಿ ಎರಡು ಬಗೆ. ಒಂದು, ನೇರ ಫೈಬರ್. ಅದು ಓಎನ್‌ಟಿ ಎಂಬ ಡಬ್ಬಿಯಲ್ಲಿ ಕೊನೆಗೊಳ್ಳುತ್ತದೆ. ಇನ್ನೊಂದು, ಬೀದಿಯ ಕಂಬದಲ್ಲೋ ಅಪಾರ್ಟ್‌ಮೆಂಟಿನ ಟೆರೇಸಿನಲ್ಲೋ ಇರುವ ಸ್ವಿಚ್ಚಿನಿಂದ ಇಳಿದು ಬರುವ ತಾಮ್ರದ ಈಥರ್ನೆಟ್ ಕೇಬಲ್. ಸಂಪರ್ಕ ಸಿಗುವ ಬಗೆಗಳು ಮೂರು: ಪಿಪಿಪಿಒಇ, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವುದು (ಬಿಎಸ್‌ಎನ್‌ಎಲ್ ಫೈಬರ್ ಹೀಗೆಯೇ ನಡೆಯುತ್ತದೆ), ಡಿಎಚ್‌ಸಿಪಿ, ಅಂದರೆ ವಿಳಾಸ ತಾನಾಗಿ ಬರುವುದು, ಕೆಲವೊಮ್ಮೆ ಅದರ ಮೇಲೊಂದು ಲಾಗಿನ್ ಪುಟ, ಮತ್ತು ಸ್ಥಿರ ಐಪಿ, ಅಂದರೆ ಬದಲಾಗದ ವಿಳಾಸ.

ಹಳೆಯ ರೂಟರನ್ನು ಕಳಚುವ ಮುನ್ನ ಅದರ ಪುಟಕ್ಕೆ ಹೋಗಿ ನಾಲ್ಕು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸಂಪರ್ಕದ ಬಗೆ, ಪಿಪಿಪಿಒಇ ಇದ್ದರೆ ಅದರ ಯೂಸರ್‌ನೇಮ್, ವಿ-ಲ್ಯಾನ್ ಸಂಖ್ಯೆ (ಒಂದೇ ತಂತಿಯಲ್ಲಿ ಹರಿಯುವ ಜಾಲಗಳನ್ನು ಬೇರ್ಪಡಿಸುವ ಗುರುತು) ಇದ್ದರೆ ಅದು, ಮತ್ತು ವ್ಯಾನ್ (ಹೊರಗಿನ ಲೈನ್) ಬದಿಯ ಮ್ಯಾಕ್ ವಿಳಾಸ, ಅಂದರೆ ಆ ಪೋರ್ಟಿನ ಗುರುತಿನ ಸಂಖ್ಯೆ. ಪಾಸ್‌ವರ್ಡ್ ಅಲ್ಲಿ ಚುಕ್ಕೆಗಳಾಗಿ ಕಾಣುತ್ತದೆ, ಅದನ್ನು ಕಂಪನಿಗೆ ಕರೆ ಮಾಡಿಯೇ ಪಡೆಯಬೇಕು. ಅದೇ ಕರೆಯಲ್ಲಿ ಓಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಕೊಡಲು ಕೇಳಿ. ಬ್ರಿಡ್ಜ್ ಆದರೆ ಓಎನ್‌ಟಿ ಬೆಳಕನ್ನು ಈಥರ್ನೆಟ್ಟಾಗಿ ಬದಲಿಸುವುದಷ್ಟನ್ನೇ ಮಾಡಿ, ವಿಳಾಸವನ್ನು ನಿಮ್ಮ ಪಿಸಿಗೇ ಬಿಟ್ಟುಕೊಡುತ್ತದೆ. ಓಎನ್‌ಟಿಗೇ ಜೋಡಿಸಿದ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಸೇವೆ ಇದ್ದರೆ ಅವು ಬ್ರಿಡ್ಜ್ ಆದಮೇಲೂ ನಡೆಯುತ್ತವೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಬ್ರಿಡ್ಜ್ ಮಾಡಿಕೊಡದಿದ್ದರೆ ಕೆಲಸ ನಿಲ್ಲಬೇಕಾಗಿಲ್ಲ. ಓಎನ್‌ಟಿ ಒಮ್ಮೆ, ನಿಮ್ಮ ಪಿಸಿ ಒಮ್ಮೆ ಹೀಗೆ ಎರಡು ಸಲ ನ್ಯಾಟ್ ನಡೆದರೂ ಬ್ರೌಸಿಂಗ್, ವಿಡಿಯೊ, ಕಚೇರಿಯ ವಿಪಿಎನ್ ಎಲ್ಲ ಸರಿಯಾಗಿಯೇ ಓಡುತ್ತವೆ. ಹೊರಗಿನಿಂದ ಒಳಗೆ ಬರಬೇಕಾದ ಸಂಪರ್ಕಗಳಿಗೆ ಮಾತ್ರ ಓಎನ್‌ಟಿಯ ಡಿಎಂಝಡ್ (ಹೊರಗಿನಿಂದ ಬಂದದ್ದನ್ನೆಲ್ಲ ಒಂದೇ ಯಂತ್ರಕ್ಕೆ ದಾಟಿಸುವ ಆಯ್ಕೆ) ಜಾಗದಲ್ಲಿ ಪಿಸಿಯ ವ್ಯಾನ್ ವಿಳಾಸ ಬರೆಯಬೇಕಾಗುತ್ತದೆ. ಓಎನ್‌ಟಿಯ ವೈಫೈಯನ್ನು ಆರಿಸಿ. ಇಲ್ಲವಾದರೆ ಮನೆಯವರ ಫೋನುಗಳು ಅದಕ್ಕೇ ಅಂಟಿಕೊಂಡು ಹೊಸ ರೂಟರಿನ ಮೂಲಕ ಹೋಗುವುದೇ ಇಲ್ಲ.

ಯಂತ್ರ ಮತ್ತು ಕಾರ್ಡ್

ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಡೆಸ್ಕ್‌ಟಾಪುಗಳು ಸಾಲುಸಾಲಾಗಿ ಸಿಗುತ್ತವೆ. ಇಂಟೆಲ್ 4ನೇ ತಲೆಮಾರಿನ ಐ3 ಅಥವಾ ಐ5 ಧಾರಾಳ ಸಾಕು. 6ನೇ ತಲೆಮಾರಿನದು ಸಿಕ್ಕರೆ ಇನ್ನೂ ಒಳ್ಳೆಯದು. 4 ಜಿಬಿ ಮೆಮೊರಿ, 120 ಜಿಬಿ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಜೊತೆಗೆ ಬಂದರೆ ತೆಗೆದಿಡಿ. ಹಗಲಿರುಳು ಓಡುವ ಯಂತ್ರದಲ್ಲಿ ಮೊದಲು ಸಾಯುವುದು ಅದೇ.

ಹಳೆಯ ಆಟಮ್ ಜಾತಿಯ ಸೆಲೆರಾನ್ ಚಿಪ್ಪಿರುವ ಪುಟ್ಟ ಪಿಸಿಗಳ ಬಗ್ಗೆ ಎಚ್ಚರವಿರಲಿ. ಫ್ರೀಬಿಎಸ್‌ಡಿಯಲ್ಲಿ ಪಿಪಿಪಿಒಇ ಮೂಲಕ ಒಳಬರುವ ದಟ್ಟಣೆ ಹೆಚ್ಚುಕಡಿಮೆ ಒಂದೇ ಕೋರ್ ಮೇಲೆ ಬೀಳುತ್ತದೆ. ನಾಲ್ಕು ನಿಧಾನದ ಕೋರುಗಳಿಗಿಂತ ಎರಡು ವೇಗದ ಕೋರುಗಳು ಇಲ್ಲಿ ಲೇಸು. ನಿಮ್ಮದು 100 ಅಥವಾ 200 ಎಂಬಿಪಿಎಸ್ ಪ್ಲಾನ್ ಆದರೆ ಈ ಚಿಂತೆ ಬೇಡ; ಗಿಗಾಬಿಟ್ ಪ್ಲಾನಿನವರು ಯೋಚಿಸಬೇಕು.

ಎರಡು ನೆಟ್‌ವರ್ಕ್ ಪೋರ್ಟ್ ಬೇಕೇ ಬೇಕು: ಹೊರಬದಿಗೆ ವ್ಯಾನ್, ಒಳಬದಿಗೆ ಲ್ಯಾನ್. ಎರಡನೇ ಕಂಪನಿಯ ಲೈನ್ ಇದ್ದರೆ ಮೂರು. ಯುಎಸ್‌ಬಿ ಅಡಾಪ್ಟರಿನಿಂದ ಕೆಲಸ ಆಗುವಂತೆ ಕಂಡರೂ, ದಟ್ಟಣೆ ಹೆಚ್ಚಾದಾಗ ಅದು ತಟ್ಟನೆ ಕಳಚಿಕೊಳ್ಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನೇ ಹಾಕಿ. ಇಂಟೆಲ್ ಐ210, ಐ350 ಚಿಪ್ಪಿನವು ಫ್ರೀಬಿಎಸ್‌ಡಿಯಲ್ಲಿ ಸುಮ್ಮನೆ ನಡೆಯುತ್ತವೆ. ಐ350ರ ನಕಲಿಗಳು ಮಾರುಕಟ್ಟೆಯಲ್ಲಿವೆ. ಅಪರಿಚಿತ ಹೊಸ ಕಾರ್ಡಿಗಿಂತ ಸರ್ವರಿನಿಂದ ಬಿಚ್ಚಿದ ಡೆಲ್, ಎಚ್‌ಪಿ ಗುರುತಿನ ಹಳೆಯ ಕಾರ್ಡ್ ನಂಬಿಕೆಗೆ ಅರ್ಹ. ರಿಯಲ್‌ಟೆಕ್ ಪೋರ್ಟ್ ಮದರ್‌ಬೋರ್ಡಿನಲ್ಲೇ ಇದ್ದರೆ ಅದನ್ನೂ ಬಳಸಬಹುದು, ಆದರೆ ಲಿಂಕ್ ಬಿದ್ದು ಏಳುತ್ತಿದ್ದರೆ ಓಪಿಎನ್‌ಸೆನ್ಸ್‌ನ ಪ್ಲಗಿನ್ ಪಟ್ಟಿಯಿಂದ ರಿಯಲ್‌ಟೆಕ್ ಕಂಪನಿಯದೇ ಡ್ರೈವರ್ ಹಾಕಿಕೊಳ್ಳಿ.

ಅಂಗಡಿಯಲ್ಲಿ ಕೊಳ್ಳುವಾಗ ಕ್ಯಾಬಿನೆಟ್ ತೆರೆಸಿ ನೋಡಿ. ಸಣ್ಣ ಕ್ಯಾಬಿನೆಟ್ಟಿಗೆ ಅರ್ಧ ಎತ್ತರದ ಬ್ರಾಕೆಟ್ ಇರುವ ಕಾರ್ಡೇ ಬೇಕು, ಉದ್ದ ಬ್ರಾಕೆಟ್ಟಿನದು ಕೂರುವುದಿಲ್ಲ. ಅಂಗೈ ಅಗಲದ ಟೈನಿ, ಮಿನಿ ಮಾದರಿಗಳಲ್ಲಿ ಸಾಮಾನ್ಯವಾಗಿ ಕಾರ್ಡಿನ ಸ್ಲಾಟೇ ಇರುವುದಿಲ್ಲ. ಐ350 ಕಾರ್ಡಿಗೆ ಎಕ್ಸ್4 ಅಥವಾ ಅದಕ್ಕಿಂತ ಉದ್ದದ ಸ್ಲಾಟ್ ಬೇಕು; ಗ್ರಾಫಿಕ್ಸ್ ಕಾರ್ಡಿನ ಎಕ್ಸ್16 ಸ್ಲಾಟ್ ಖಾಲಿ ಇದ್ದರೆ ಅಲ್ಲಿಯೇ ಹಾಕಿ. ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಪವರ್ ಸಪ್ಲೈ ಆ ಕಂಪನಿಯ ವಿಶೇಷ ಅಳತೆಯದೇ ಎಂಬುದನ್ನೂ ಗಮನಿಸಿ. ವಿಶೇಷ ಅಳತೆಯದಾದರೆ ನಾಳೆ ಕೆಟ್ಟಾಗ ಸಾಮಾನ್ಯ ಎಸ್‌ಎಂಪಿಎಸ್ ಹೊಂದುವುದಿಲ್ಲ.

ಕರೆಂಟಿನ ಲೆಕ್ಕ: ಇಂಥ ಯಂತ್ರ 20ರಿಂದ 30 ವ್ಯಾಟ್ ಎಳೆಯುತ್ತದೆ. 20 ವ್ಯಾಟ್ ಎಂದರೆ ತಿಂಗಳಿಗೆ 14.4 ಯೂನಿಟ್, 30 ಎಂದರೆ 21.6. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನು ಕೂಡಿಸಿ ನೋಡಿಕೊಳ್ಳಿ.

ಬಯಾಸ್, ಬ್ಯಾಟರಿ, ಸಿಡಿಲು

ಕೀಬೋರ್ಡ್, ಮಾನಿಟರ್ ಇಲ್ಲದೆ ಮೂಲೆಯಲ್ಲಿ ಕೂತು ನಡೆಯಬೇಕಾದ ಯಂತ್ರ ಇದು. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟದಲ್ಲಿ, ಕರೆಂಟ್ ಮರಳಿದಾಗ ತಾನಾಗಿ ಆನ್ ಆಗುವ ಆಯ್ಕೆಯನ್ನು 'ಪವರ್ ಆನ್'ಗೆ ಇಡಿ. ಕೀಬೋರ್ಡ್ ಇಲ್ಲದಿದ್ದರೆ ನಿಲ್ಲುವ ಆಯ್ಕೆಯನ್ನು ತೆಗೆಯಿರಿ. ಸೆಕ್ಯೂರ್ ಬೂಟ್ ಆಫ್. ಡಿಸ್ಕಿನ ಸಾಟಾ ಮೋಡ್ 'ರೇಡ್' ಎಂದಿದ್ದರೆ 'ಎಎಚ್‌ಸಿಐ' ಮಾಡಿ; ಡೆಲ್ ಯಂತ್ರಗಳಲ್ಲಿ ಇದನ್ನು ಬಿಟ್ಟು, ಇನ್‌ಸ್ಟಾಲರಿನಲ್ಲಿ ಡಿಸ್ಕ್ ಕಾಣುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ಬಹಳ.

ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನು ಪರೀಕ್ಷಿಸದೆಯೇ ಬದಲಿಸಿ. ಹಳೆಯ ಪಿಸಿಯಲ್ಲಿ ಅದು ಸತ್ತಿರುವ ಸಂಭವವೇ ಹೆಚ್ಚು, ಅದರ ಪರಿಣಾಮ ಎರಡು ಸುತ್ತಿನದು. ಕರೆಂಟ್ ಹೋಗಿ ಬಂದಾಗ ಬಯಾಸ್ ಸೆಟ್ಟಿಂಗ್ ಅಳಿದು, ಎಫ್1 ಒತ್ತಿರೆಂದು ಕೇಳುತ್ತ ಯಂತ್ರ ನಿಂತುಬಿಡುತ್ತದೆ. ಹಾಗೆ ನಿಲ್ಲದೆ ಮುಂದೆ ಹೋದರೂ ಗಡಿಯಾರ ಹತ್ತಾರು ವರ್ಷ ಹಿಂದೆ ಇರುತ್ತದೆ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಉತ್ತರಗಳ ಸಹಿಯನ್ನು ಪರಿಶೀಲಿಸುವ ಡಿಎನ್‌ಎಸ್‌ಸೆಕ್ ಆನ್ ಆಗಿದ್ದರೆ, ತಪ್ಪು ದಿನಾಂಕದಲ್ಲಿ ಆ ಸಹಿಗಳೆಲ್ಲ ಅಸಿಂಧು ಎನಿಸುತ್ತವೆ. ಹೆಸರು ಸಿಗುವುದಿಲ್ಲ. ಹೆಸರು ಸಿಗದೆ ಸಮಯದ ಸರ್ವರ್ ಸಿಗುವುದಿಲ್ಲ, ಸಮಯ ಸರಿಹೋಗದೆ ಹೆಸರು ಸಿಗುವುದಿಲ್ಲ. ಲೈನ್ ಬಂದಿದೆ, ಪಿಂಗ್ (ಎದುರಿನ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪುಟ್ಟ ಪರೀಕ್ಷೆ) ಹೋಗುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಕಾರಣ ಒಂದು ಪುಟ್ಟ ಬ್ಯಾಟರಿ.

ಪಿಸಿ, ಓಎನ್‌ಟಿ, ವೈಫೈ ಡಬ್ಬಿ ಮೂರೂ ಒಂದೇ ಯುಪಿಎಸ್ ಮೇಲಿರಲಿ. ಮೂರೂ ಸೇರಿ 45 ವ್ಯಾಟ್ ಎಂದಿಟ್ಟುಕೊಂಡರೆ, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ 600 ವಿಎ ಯುಪಿಎಸ್ ಹೊಸದಿದ್ದಾಗ ಮುಕ್ಕಾಲು ಗಂಟೆಯ ಆಸುಪಾಸು ತಡೆಯುತ್ತದೆ. ಮನೆಯ ಇನ್ವರ್ಟರ್ ಲೈನಿಗೇ ಕೊಟ್ಟಿದ್ದರೆ ಇನ್ವರ್ಟರಿನ ಸ್ವಿಚ್ 'ಯುಪಿಎಸ್ ಮೋಡ್'ನಲ್ಲಿರಬೇಕು. ಪಿಸಿಯ ಪವರ್ ಸಪ್ಲೈ ಕರೆಂಟಿಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ; ಸಾಧಾರಣ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾದರೆ ಪಿಸಿ ರೀಬೂಟ್ ಆಗುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನೆಟ್‌ವರ್ಕ್ ಪೋರ್ಟ್ ಸುಟ್ಟುಹೋಗುವುದು ಕಂಬದಿಂದ ಬರುವ ತಾಮ್ರದ ಕೇಬಲಿನಿಂದ. ಫೈಬರಿಗೆ ಆ ಭಯವಿಲ್ಲ. ತಾಮ್ರವಾದರೆ ಕೇಬಲ್ಲಿಗೂ ಪಿಸಿಗೂ ನಡುವೆ ಅಗ್ಗದ 5 ಪೋರ್ಟಿನ ಗಿಗಾಬಿಟ್ ಸ್ವಿಚ್ ಒಂದನ್ನಿಡಿ. ಸಣ್ಣಪುಟ್ಟ ಹೊಡೆತ ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ಎರಡು ಮೀಡಿಯಾ ಕನ್ವರ್ಟರುಗಳ (ತಾಮ್ರದ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ತಾಮ್ರಕ್ಕೆ ಬದಲಿಸುವ ಡಬ್ಬಿ) ನಡುವೆ ಒಂದು ಮೀಟರ್ ಫೈಬರ್ ಹಾಕುವುದು ಇನ್ನೂ ಭದ್ರ. ಗೋಡೆಯ ಸಾಕೆಟ್ಟಿನ ಅರ್ತಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.

ಇನ್‌ಸ್ಟಾಲ್ ಮಾಡುವುದು

ಓಪಿಎನ್‌ಸೆನ್ಸ್ ತಾಣದಿಂದ ಎಎಂಡಿ64 ಬಗೆಯ (ಇಂಟೆಲ್ ಪಿಸಿಗೂ ಇದೇ), 'ವಿಜಿಎ' ಎಂಬ ಇಮೇಜ್ ಇಳಿಸಿಕೊಳ್ಳಿ. ಪೆನ್‌ಡ್ರೈವಿಗೆ ಇದೇ ಸರಿ. 'ಡಿವಿಡಿ' ಇಮೇಜ್ ಡಿಸ್ಕಿಗೆ, 'ಸೀರಿಯಲ್' ಎಂಬುದು ಪರದೆ ಇಲ್ಲದ ಯಂತ್ರಗಳಿಗೆ. ಫೈಲ್ ಬಿಝಿಪ್2ರಲ್ಲಿ ಕುಗ್ಗಿಸಿ ಬರುತ್ತದೆ, ಮೊದಲು ಬಿಡಿಸಿ, ಆಮೇಲೆ ರೂಫಸ್ ಅಥವಾ ಬಲೇನಾ ಎಚರ್‌ನಿಂದ 4 ಜಿಬಿಗಿಂತ ದೊಡ್ಡ ಪೆನ್‌ಡ್ರೈವಿಗೆ ಬರೆಯಿರಿ.

ಪೆನ್‌ಡ್ರೈವಿನಿಂದ ಬೂಟ್ ಆದಮೇಲೆ ಲಾಗಿನ್ ಕೇಳುತ್ತದೆ. ಇಲ್ಲಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಎಂದು ಒಳಹೋದರೆ ಡಿಸ್ಕಿಗೆ ಏನೂ ಬರೆಯದ ತಾತ್ಕಾಲಿಕ ವ್ಯವಸ್ಥೆ ಸಿಗುತ್ತದೆ. ಅದರಲ್ಲೇ ಎಲ್ಲ ಸೆಟ್ ಮಾಡಿ ರೀಬೂಟ್ ಮಾಡಿದರೆ ಮಾಡಿದ್ದೆಲ್ಲ ಮಾಯ. ಡಿಸ್ಕಿಗೆ ಹಾಕಲು ಕೊಡಬೇಕಾದ ಯೂಸರ್‌ನೇಮ್ 'ಇನ್‌ಸ್ಟಾಲರ್' (installer), ಪಾಸ್‌ವರ್ಡ್ ತಂತ್ರಾಂಶದ ಹೆಸರೇ (opnsense). ಎರಡನ್ನೂ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಜಾಗ ಬಿಡದೆ ಬರೆಯಬೇಕು. ಕೀಬೋರ್ಡ್ ವಿನ್ಯಾಸ ಒಪ್ಪಿ, 'ಇನ್‌ಸ್ಟಾಲ್ ಝಡ್‌ಎಫ್‌ಎಸ್' ಆರಿಸಿ, ಒಂದೇ ಡಿಸ್ಕಾದ್ದರಿಂದ 'ಸ್ಟ್ರೈಪ್', ಸ್ಪೇಸ್ ಒತ್ತಿ ಡಿಸ್ಕಿಗೆ ಗುರುತು. ಝಡ್‌ಎಫ್‌ಎಸ್ ಎಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಬಗೆ; ಯುಎಫ್‌ಎಸ್ ಎಂಬ ಇನ್ನೊಂದು ಕೂಡ ಇದೆ, ಆದರೆ ಕರೆಂಟ್ ತಟ್ಟನೆ ಹೋಗುವ ಕಡೆ ಝಡ್‌ಎಫ್‌ಎಸ್ ಹೆಚ್ಚು ತಾಳಿಕೊಳ್ಳುತ್ತದೆ. ಕೊನೆಗೆ ರೂಟ್ ಪಾಸ್‌ವರ್ಡ್ ಬದಲಿಸಿ, ರೀಬೂಟ್ ಮಾಡಿ, ಪೆನ್‌ಡ್ರೈವ್ ಕೀಳಿ.

ಈಗ ಯಾವ ಪೋರ್ಟ್ ಯಾವುದು ಎಂದು ತಿಳಿಸುವ ಕೆಲಸ. ಕನ್ಸೋಲ್ ಮೆನುವಿನ 1ನೇ ಆಯ್ಕೆ. ಲ್ಯಾಗ್ (ಹಲವು ಪೋರ್ಟುಗಳನ್ನು ಒಂದಾಗಿ ಸೇರಿಸುವುದು) ಬೇಕೇ, ವಿ-ಲ್ಯಾನ್ ಬೇಕೇ ಎಂದು ಕೇಳಿದರೆ ಸದ್ಯಕ್ಕೆ ಬೇಡ ಎನ್ನಿ. ಪೋರ್ಟುಗಳ ಹೆಸರು ಐಜಿಬಿ0, ಐಜಿಬಿ1, ಇಎಂ0 ಹೀಗೆ ಬರುತ್ತವೆ. ಹಿಂಭಾಗದಲ್ಲಿ ಯಾವುದು ಯಾವುದೆಂದು ಊಹಿಸಬೇಡಿ. ಕೇಬಲುಗಳನ್ನು ಕಿತ್ತಿಟ್ಟು, 'ಎ' ಅಕ್ಷರ ಒತ್ತಿ, ಆಮೇಲೆ ಬೇಕಾದ ಪೋರ್ಟಿಗೆ ಕೇಬಲ್ ಚುಚ್ಚಿದರೆ ಅದೇ ಪತ್ತೆ ಮಾಡುತ್ತದೆ. ಪತ್ತೆಯಾದೊಡನೆ ಮಾರ್ಕರಿನಿಂದ ಕ್ಯಾಬಿನೆಟ್ಟಿನ ಮೇಲೆ ವ್ಯಾನ್, ಲ್ಯಾನ್ ಎಂದು ಬರೆದುಬಿಡಿ.

2ನೇ ಆಯ್ಕೆಯಲ್ಲಿ ಲ್ಯಾನ್ ವಿಳಾಸ. ಓಪಿಎನ್‌ಸೆನ್ಸ್ ತಾನಾಗಿ ಇಟ್ಟುಕೊಳ್ಳುವುದು 192.168.1.1. ಅನೇಕ ಓಎನ್‌ಟಿಗಳ ವಿಳಾಸವೂ ಅದೇ. ಎರಡೂ ಬದಿಯಲ್ಲಿ ಒಂದೇ ಜಾಲ ಇದ್ದರೆ ಯಾವ ಪ್ಯಾಕೆಟ್ ಎತ್ತ ಹೋಗಬೇಕೆಂದು ರೂಟರಿಗೆ ತಿಳಿಯುವುದಿಲ್ಲ; ಹೊಸದಾಗಿ ಹಾಕಿದವರಲ್ಲಿ ಅತಿ ಹೆಚ್ಚು ಕಾಣುವ ತೊಡಕು ಇದು. ಕೊನೆಯಿಂದ ಎರಡನೇ ಅಂಕಿ 0, 1, 100 ಆಗಿರುವ ಜಾಲಗಳನ್ನು ಬಿಟ್ಟು 192.168.50.1, ಮಾಸ್ಕ್ 24 ಎಂದು ಕೊಡಿ. 10ರಿಂದ ಶುರುವಾಗುವ ವಿಳಾಸಗಳನ್ನೂ ಬಿಡಿ, ಕಚೇರಿಗಳ ವಿಪಿಎನ್ ಹೆಚ್ಚಾಗಿ ಅವನ್ನೇ ಬಳಸುವುದರಿಂದ ಮನೆಯಿಂದ ಕೆಲಸ ಮಾಡುವವರಿಗೆ ಘರ್ಷಣೆಯಾಗುತ್ತದೆ. ಅಪ್‌ಸ್ಟ್ರೀಮ್ ಗೇಟ್‌ವೇ (ಹೊರಗೆ ಹೋಗುವ ದಾರಿಯಲ್ಲಿನ ಮುಂದಿನ ರೂಟರಿನ ವಿಳಾಸ) ಕೇಳಿದಾಗ ಏನೂ ಬರೆಯದೆ ಎಂಟರ್ ಒತ್ತಿ. ಲ್ಯಾನಿಗೆ ಗೇಟ್‌ವೇ ಕೊಟ್ಟರೆ ತಂತ್ರಾಂಶ ಅದನ್ನೂ ಹೊರಬದಿ ಎಂದೇ ಭಾವಿಸಿ ಅಲ್ಲೂ ನ್ಯಾಟ್ ಮಾಡಲು ಹೊರಡುತ್ತದೆ. ಡಿಎಚ್‌ಸಿಪಿ ಆನ್ ಮಾಡಿ 192.168.50.100ರಿಂದ 192.168.50.240ರವರೆಗೆ ಕೊಡಿ, ಕೆಳಗಿನ ಸಂಖ್ಯೆಗಳು ಪ್ರಿಂಟರ್, ಕ್ಯಾಮೆರಾ, ವೈಫೈ ಡಬ್ಬಿಗಳಿಗೆ.

ವ್ಯಾನ್ ಬದಿ

ಲ್ಯಾನ್ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಬ್ರೌಸರಿನಲ್ಲಿ 192.168.50.1 ತೆರೆಯಿರಿ. ಸರ್ಟಿಫಿಕೇಟಿನ ಎಚ್ಚರಿಕೆ ಬರುತ್ತದೆ. ರೂಟರ್ ತನಗೆ ತಾನೇ ಸಹಿ ಹಾಕಿಕೊಂಡದ್ದರಿಂದ ಅದು ಸಹಜ. ಒಂದೊಂದಾಗಿ ಸೆಟ್ಟಿಂಗ್ ಕೇಳುತ್ತ ಹೋಗುವ 'ವಿಝರ್ಡ್' ಪುಟಗಳಲ್ಲಿ ಸಮಯವಲಯ ಏಷ್ಯಾ/ಕೋಲ್ಕತಾ, ಡಿಎನ್‌ಎಸ್ 1.1.1.1 ಮತ್ತು 9.9.9.9 ಕೊಡಿ.

ಡಿಎಚ್‌ಸಿಪಿ ಲೈನಾದರೆ 'ಇಂಟರ್‌ಫೇಸಸ್ → ವ್ಯಾನ್' ಪುಟದಲ್ಲಿ ಡಿಎಚ್‌ಸಿಪಿ ಎಂದಿಟ್ಟರೆ ಮುಗಿಯಿತು. ವಿಳಾಸ ಬರದಿದ್ದರೆ ಕಂಪನಿಯವರು ಹಳೆಯ ರೂಟರಿನ ಮ್ಯಾಕ್ ವಿಳಾಸಕ್ಕೆ ಲೈನನ್ನು ಕಟ್ಟಿಹಾಕಿರುತ್ತಾರೆ. ಬರೆದಿಟ್ಟುಕೊಂಡ ಮ್ಯಾಕ್ ವಿಳಾಸವನ್ನು ಅದೇ ಪುಟದಲ್ಲಿ ಹಾಕಿ, ಇಲ್ಲವೇ ಕರೆ ಮಾಡಿ ಬಿಡಿಸಿಕೊಳ್ಳಿ. ಲಾಗಿನ್ ಪುಟ ಇರುವ ಲೈನಿನಲ್ಲಿ ಒಳಗಿನ ಯಾವುದಾದರೂ ಒಂದು ಯಂತ್ರದಿಂದ ಲಾಗಿನ್ ಆದರೆ ಸಾಕು, ಹೊರಗಿನವರಿಗೆ ಎಲ್ಲರೂ ಒಂದೇ ವಿಳಾಸವಾಗಿ ಕಾಣುತ್ತಾರೆ. ಆದರೆ ಆ ಪುಟದ ಹೆಸರು 10ರ ಖಾಸಗಿ ವಿಳಾಸಕ್ಕೆ ಬಿಡಿಸಿಕೊಳ್ಳುವುದಾದರೆ, ಓಪಿಎನ್‌ಸೆನ್ಸ್‌ನೊಳಗಿನ ಡಿಎನ್‌ಎಸ್ ಸರ್ವರ್ ಆದ ಅನ್‌ಬೌಂಡ್ ಅದನ್ನು ವಂಚನೆ ಎಂದು ತಿಳಿದು ಉತ್ತರವನ್ನೇ ಅಳಿಸಿಹಾಕುತ್ತದೆ. ಅನ್‌ಬೌಂಡ್‌ನ 'ಅಡ್ವಾನ್ಸ್ಡ್' ಪುಟದ 'ಪ್ರೈವೇಟ್ ಡೊಮೇನ್ಸ್' ಪಟ್ಟಿಗೆ ಆ ಹೆಸರು ಸೇರಿಸಿ.

ಪಿಪಿಪಿಒಇ ಲೈನಿನಲ್ಲಿ ವಿ-ಲ್ಯಾನ್ ಸಂಖ್ಯೆ ಇದ್ದರೆ ಮೊದಲು 'ಇಂಟರ್‌ಫೇಸಸ್ → ಡಿವೈಸಸ್ → ವಿ-ಲ್ಯಾನ್'ನಲ್ಲಿ ಆ ಸಂಖ್ಯೆಯ ಸಾಧನ ಹುಟ್ಟಿಸಿ, ಅದರ ಮೇಲೆ ಪಿಪಿಪಿಒಇ ಕೂರಿಸಿ, ಅದನ್ನು ವ್ಯಾನ್ ಎಂದು ನೇಮಿಸಬೇಕು. ಸಂಖ್ಯೆ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಬಹುದು, ಪಕ್ಕದ ಬಡಾವಣೆಯವರದನ್ನು ನಕಲು ಮಾಡಬೇಡಿ. ಬ್ರಿಡ್ಜ್ ಆದ ಓಎನ್‌ಟಿ ತಾನೇ ವಿ-ಲ್ಯಾನ್ ಕಳಚುತ್ತಿದ್ದರೆ ಇಲ್ಲಿ ಹಾಕುವುದೇ ಬೇಡ. ಎರಡೂ ಕಡೆ ಹಾಕಿದರೆ ಡಯಲ್‌ಗೆ ಉತ್ತರವೇ ಬರುವುದಿಲ್ಲ.

ಪಿಪಿಪಿಒಇ ಪ್ರತಿ ಪ್ಯಾಕೆಟ್ಟಿನಲ್ಲಿ 8 ಬೈಟ್ ತಿನ್ನುತ್ತದೆ. 1500ರ ಜಾಗದಲ್ಲಿ 1492 ಉಳಿಯುತ್ತದೆ. ಇದನ್ನು ಕಡೆಗಣಿಸಿದರೆ ವಿಚಿತ್ರ ಲಕ್ಷಣ: ಪಿಂಗ್ ಸರಿ, ಹುಡುಕಾಟದ ಪುಟ ಸರಿ, ಬ್ಯಾಂಕಿನದೋ ಸರ್ಕಾರಿ ಸೇವೆಯದೋ ಪುಟ ಮಾತ್ರ ಅರ್ಧ ತೆರೆದು ನಿಲ್ಲುತ್ತದೆ. ವ್ಯಾನ್ ಪುಟದ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಮಾಹಿತಿಯ ಮಿತಿ) ಜಾಗದಲ್ಲಿ 1492 ಎಂದೇ ಬರೆಯಿರಿ. ಅದರಿಂದ 40 ಕಳೆದು 1452 ಮಾಡಿಕೊಳ್ಳುವುದು ತಂತ್ರಾಂಶದ್ದೇ ಕೆಲಸ. ಪರೀಕ್ಷೆಗೆ, ತುಂಡು ಮಾಡಬಾರದೆಂಬ ಆಯ್ಕೆಯೊಂದಿಗೆ 1464 ಬೈಟಿನ ಪಿಂಗ್ ಕಳಿಸಿ. ಅದು ಹೋಗಿ 1465 ಹೋಗದಿದ್ದರೆ ಲೆಕ್ಕ ಸರಿಯಿದೆ.

ಸ್ಥಿರ ಐಪಿಯವರಿಗೆ ಒಂದೇ ಎಚ್ಚರಿಕೆ. ವಿಳಾಸ ಬರೆದರೆ ಸಾಲದು. 'ಸಿಸ್ಟಮ್ → ಗೇಟ್‌ವೇಸ್'ನಲ್ಲಿ ಕಂಪನಿ ಕೊಟ್ಟ ಗೇಟ್‌ವೇ ಹುಟ್ಟಿಸಿ, ವ್ಯಾನ್ ಪುಟದಲ್ಲಿ ಅದನ್ನು ಆರಿಸಬೇಕು. ಗೇಟ್‌ವೇ ಇಲ್ಲದ ಬದಿಗೆ ತಾನಾಗಿ ನ್ಯಾಟ್ ನಿಯಮ ಹುಟ್ಟುವುದಿಲ್ಲ.

ನ್ಯಾಟ್ ನಿಯಮ, ವೈಫೈ, ಪರೀಕ್ಷೆ

'ಫೈರ್‌ವಾಲ್ → ನ್ಯಾಟ್ → ಔಟ್‌ಬೌಂಡ್' ಪುಟ 'ಆಟೊಮ್ಯಾಟಿಕ್' ಎಂದಿರುತ್ತದೆ. ಹಾಗೆಯೇ ಬಿಡಿ. ಹೊಸ ಆವೃತ್ತಿಗಳಲ್ಲಿ ಮೆನುವಿನ ಹೆಸರು ತುಸು ಬದಲಾಗಿರಬಹುದು, ಕೆಲಸ ಅದೇ. ಆಟದ ಕನ್ಸೋಲ್ 'ಸ್ಟ್ರಿಕ್ಟ್ ನ್ಯಾಟ್' ಎಂದು ದೂರಿದರೆ ಮಾತ್ರ 'ಹೈಬ್ರಿಡ್'ಗೆ ಬದಲಿಸಿ, ಆ ಕನ್ಸೋಲಿನ ವಿಳಾಸಕ್ಕೊಂದು ನಿಯಮ ಬರೆದು 'ಸ್ಟ್ಯಾಟಿಕ್ ಪೋರ್ಟ್' ಗುರುತು ಮಾಡಿ. ಫೈರ್‌ವಾಲ್ ಸುರಕ್ಷೆಗೆಂದು ಪೋರ್ಟ್ ಸಂಖ್ಯೆಯನ್ನು ಪ್ರತಿ ಸಲ ಬದಲಿಸುವುದೇ ಆ ದೂರಿಗೆ ಕಾರಣ.

ಪಿಸಿಯಿಂದಲೇ ವೈಫೈ ಕೊಡುವ ಆಸೆ ಬೇಡ. ಫ್ರೀಬಿಎಸ್‌ಡಿಯಲ್ಲಿ ಅದು ದುರ್ಬಲ. ಹಳೆಯ ವೈಫೈ ರೂಟರೇ ಆಕ್ಸೆಸ್ ಪಾಯಿಂಟ್ ಆಗಲಿ. ಅದರ ವಿಳಾಸ 192.168.50.2 ಮಾಡಿ, ಅದರ ಡಿಎಚ್‌ಸಿಪಿ ಆರಿಸಿ, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ. ವ್ಯಾನ್ ಪೋರ್ಟಿಗೆ ಚುಚ್ಚಿದರೆ ಇನ್ನೊಂದು ಪದರ ನ್ಯಾಟ್ ಸೇರುತ್ತದೆ, ಫೋನಿನಿಂದ ಪ್ರಿಂಟರ್ ಕಾಣುವುದಿಲ್ಲ. ಡಿಎಚ್‌ಸಿಪಿ ಆರಿಸಲು ಮರೆತರೆ ಕೆಲವರಿಗೆ ಇಂಟರ್ನೆಟ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಯಾರಿಗೆ ಎಂಬುದೂ ದಿನಕ್ಕೊಂದು ಬಗೆ.

ಪರೀಕ್ಷೆಯನ್ನು ಈ ಕ್ರಮದಲ್ಲೇ ಮಾಡಿ, ಎಲ್ಲಿ ನಿಂತಿತೋ ದೋಷ ಅಲ್ಲಿಯೇ.

1. ರೂಟರಿನ ಕನ್ಸೋಲಿನಲ್ಲಿ 7ನೇ ಆಯ್ಕೆಯಿಂದ 1.1.1.1ಗೆ ಪಿಂಗ್. ಹೋಗದಿದ್ದರೆ ತೊಂದರೆ ವ್ಯಾನ್ ಬದಿಯದು.
2. ಲ್ಯಾಪ್‌ಟಾಪಿನಿಂದ 192.168.50.1ಗೆ ಪಿಂಗ್. ಹೋಗದಿದ್ದರೆ ಕೇಬಲ್, ಸ್ವಿಚ್ ಅಥವಾ ಡಿಎಚ್‌ಸಿಪಿ.
3. ಲ್ಯಾಪ್‌ಟಾಪಿನಿಂದ 1.1.1.1ಗೆ ಪಿಂಗ್. ಮೊದಲೆರಡು ಸರಿಯಿದ್ದು ಇದು ಹೋಗದಿದ್ದರೆ ಮಾತ್ರ ನ್ಯಾಟ್ ಅಥವಾ ಫೈರ್‌ವಾಲ್ ನಿಯಮವನ್ನು ನೋಡಿ.
4. ಯಾವುದಾದರೂ ತಾಣದ ಹೆಸರಿಗೆ ಪಿಂಗ್. ಇಲ್ಲಿ ನಿಂತರೆ ಡಿಎನ್‌ಎಸ್; ಗಡಿಯಾರವನ್ನೂ ನೋಡಿ.

ವೇಗ 94 ಎಂಬಿಪಿಎಸ್‌ಗೆ ಅಂಟಿಕೊಂಡಿದ್ದರೆ ಎಲ್ಲೋ ಒಂದು ಕಡೆ ಲಿಂಕ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು. ಎರಡೇ ಜೋಡಿ ಕ್ರಿಂಪ್ ಮಾಡಿರುವುದು ನಮ್ಮ ಬೀದಿಗಳಲ್ಲಿ ತೀರಾ ಸಾಮಾನ್ಯ. 'ಇಂಟರ್‌ಫೇಸಸ್ → ಓವರ್‌ವ್ಯೂ' ಪುಟ ಯಾವ ಪೋರ್ಟ್ ಎಷ್ಟಕ್ಕೆ ಕೂಡಿಕೊಂಡಿದೆ ಎಂದು ತೋರಿಸುತ್ತದೆ. ಕ್ಯಾಟ್5ಇ ಕೇಬಲಿನ ತುದಿ ಹೊಸದಾಗಿ ಕ್ರಿಂಪ್ ಮಾಡಿಸಿ.

ಹೊರಗಿನಿಂದ ಒಳಗೆ

ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನಿಂದ ಬಂದ ಸಂಪರ್ಕವನ್ನು ಒಳಗಿನ ಒಂದು ಯಂತ್ರಕ್ಕೆ ದಾಟಿಸುವ ವ್ಯವಸ್ಥೆ, ಮಾಡುವ ಮುನ್ನ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯವರೇ ತಮ್ಮ ಕಡೆ ಇನ್ನೊಂದು ದೊಡ್ಡ ನ್ಯಾಟ್ ನಡೆಸುತ್ತಿದ್ದಾರೆ. ಹೊರಗಿನ ಸಂಪರ್ಕ ನಿಮ್ಮವರೆಗೆ ತಲುಪುವುದೇ ಇಲ್ಲ, ಒಳಗೆ ಎಷ್ಟು ನಿಯಮ ಬರೆದರೂ ವ್ಯರ್ಥ. ಸ್ಥಿರ ಐಪಿ ಕೊಳ್ಳಬೇಕು, ಇಲ್ಲವೇ ಐಪಿ ಆರನೇ ಆವೃತ್ತಿಯ ದಾರಿ ಹಿಡಿಯಬೇಕು. ಅದರಲ್ಲಿ ನ್ಯಾಟ್ ಬೇಡ, ಪ್ರತಿ ಯಂತ್ರಕ್ಕೂ ಹೊರಗಿನ ವಿಳಾಸವೇ ಸಿಗುತ್ತದೆ. ವ್ಯಾನಿಗೆ ಡಿಎಚ್‌ಸಿಪಿವಿ6, ಲ್ಯಾನಿಗೆ 'ಟ್ರ್ಯಾಕ್ ಇಂಟರ್‌ಫೇಸ್' ಕೊಡಿ. ಒಳಬರುವುದನ್ನು ಫೈರ್‌ವಾಲ್ ಆಗಲೂ ತಡೆಯುತ್ತದೆ.

ಸಿಸಿಟಿವಿ ಡಿವಿಆರ್‌ಗೆ ಪೋರ್ಟ್ ತೆರೆಯಬೇಡಿ. ಆ ಪೆಟ್ಟಿಗೆಗಳ ತಂತ್ರಾಂಶ ಅಪ್‌ಡೇಟ್ ಕಾಣುವುದು ಅಪರೂಪ, ತೆರೆದ ಪೋರ್ಟನ್ನು ಹುಡುಕುವ ಯಂತ್ರಗಳು ಇಂಟರ್ನೆಟ್ಟಿನ ತುಂಬ ಇವೆ. ಓಪಿಎನ್‌ಸೆನ್ಸ್‌ನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಇದೆ. ಯುಡಿಪಿ 51820 ಒಂದನ್ನೇ ತೆರೆದು, ಫೋನಿನಿಂದ ಅದರ ಮೂಲಕ ಒಳಬಂದು ಕ್ಯಾಮೆರಾ ನೋಡಿ. ರೂಟರಿನ ವೆಬ್ ಪುಟವನ್ನಂತೂ ವ್ಯಾನ್ ಬದಿಗೆ ಎಂದಿಗೂ ತೆರೆಯಬಾರದು.

ಎರಡು ಲೈನ್ ಇರುವವರು ಎರಡನೆಯದನ್ನು ಮೂರನೇ ಪೋರ್ಟಿಗೆ ಕೊಟ್ಟು, ಗೇಟ್‌ವೇ ಗುಂಪಿನಲ್ಲಿ ಒಂದನ್ನು ಟಿಯರ್ 1 (ಮೊದಲ ಆಯ್ಕೆ), ಇನ್ನೊಂದನ್ನು ಟಿಯರ್ 2 (ಅದು ಬಿದ್ದಾಗ ಬಳಸುವುದು) ಮಾಡಿ, ಲ್ಯಾನಿನ ಫೈರ್‌ವಾಲ್ ನಿಯಮದಲ್ಲಿ ಆ ಗುಂಪನ್ನು ಆರಿಸಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಗುಂಪು ಇದ್ದೂ ಇಲ್ಲದಂತೆ. ಲೈನ್ ಬದುಕಿದೆಯೇ ಎಂದು ನೋಡುವ ಮಾನಿಟರ್ ವಿಳಾಸ ಒಂದಕ್ಕೆ 1.1.1.1, ಇನ್ನೊಂದಕ್ಕೆ 8.8.8.8 ಹೀಗೆ ಬೇರೆ ಬೇರೆ ಇರಲಿ.

ಎಲ್ಲ ಸರಿಯಾಗಿ ನಡೆದ ದಿನವೇ 'ಸಿಸ್ಟಮ್ → ಕಾನ್ಫಿಗರೇಶನ್ → ಬ್ಯಾಕಪ್ಸ್'ನಿಂದ ಸೆಟ್ಟಿಂಗಿನ ಫೈಲನ್ನು ಪಾಸ್‌ವರ್ಡ್ ಹಾಕಿ ಇಳಿಸಿಕೊಂಡು ಬೇರೆ ಕಡೆ ಇಡಿ. ಯಂತ್ರ ಸುಟ್ಟುಹೋದರೂ ಇನ್ನೊಂದು ಪಿಸಿಯಲ್ಲಿ ಇನ್‌ಸ್ಟಾಲ್ ಮಾಡಿ, ಈ ಫೈಲ್ ಹಾಕಿ, ಪೋರ್ಟುಗಳ ಹೆಸರಷ್ಟನ್ನೇ ಮತ್ತೆ ಹೊಂದಿಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ಲೈನ್ ಬರುತ್ತದೆ. ಹೊಸ ಆವೃತ್ತಿಗಳು ಪ್ರತಿ ಜನವರಿ ಮತ್ತು ಜುಲೈನಲ್ಲಿ ಬರುತ್ತವೆ, ನಡುನಡುವೆ ಸಣ್ಣ ಅಪ್‌ಡೇಟುಗಳು. ಅವನ್ನು ಭಾನುವಾರ ಬೆಳಿಗ್ಗೆ, ಯಾರೂ ಕರೆಯಲ್ಲಿ ಇಲ್ಲದ ಹೊತ್ತಿನಲ್ಲಿ, ಹೊಸ ಬ್ಯಾಕಪ್ ಇಳಿಸಿಕೊಂಡ ಮೇಲೆ ಹಾಕಿ.